ಅವ್ವ ಕಟ್ಟಿದ ಜೋಗುಳ

ಸೌಟನ್ನೇ ಮೈಕು ಮಾಡಿಕೊಂಡು ಬೆಳೆದ ನೀಲವ್ವ ಈಗ ಹೆಸರಾಂತ ಗಾಯಕಿ. ಯಾವುದೇ ಹಾಡು ರೆಕಾರ್ಡ್ ಆದೊಡನೆ, ರೆಕಾರ್ಡಿಗೆ ಹಾಡಿದವರನ್ನು ಬಿಟ್ಟು ಉಳಿದೆಲ್ಲರ ನೆನಪಿನಿಂದ ಅಳಿಸಿಹೋಗುತ್ತದೆ. ಅದಕ್ಕೇ ಸ್ಟುಡಿಯೋದವರು ಹಾಡು ಕಲಿಸಿದವರನ್ನು ಮೊದಲೇ ಕರೆಸಿ, ಕೊನೆಯ ಸಲ ಹಾಡಿಸುತ್ತಾರೆ.

ಇವತ್ತು ಅವ್ವ ಬಂದಿದ್ದಳು. ಹೊಸ ಆಲ್ಬಮ್ಮಿಗೆ ಉಳಿದದ್ದು, ಕೂಸಿದ್ದಾಗಲೇ ತೀರಿಹೋದ ಮಗ ಕಲ್ಮೇಶನಿಗೆ ಅವಳು ಕಟ್ಟಿದ್ದ ಜೋಗುಳವೊಂದೇ.

"ಬ್ಯಾಡಂದ್ರ ಬಿಡೂಣವ್ವಾ," ಎಂದಳು ನೀಲವ್ವ.

"ನೀ ಸಣ್ಣಾಕಿ ಇದ್ದಾಗಿಂದ ಕಂಡ ಕನಸು. ಯಾಕ ಬಿಡ್ತಿ?"

ಅವ್ವ ಕಣ್ಣು ಮುಚ್ಚಿ ಹಾಡಿದಳು. ಮಗನ ಹೆಸರಿದ್ದ ಸಾಲನ್ನು ಎರಡು ಸಲ ಹಾಡಿದಳು.

ಆಮೇಲೆ ನೀಲವ್ವ ಹಾಡಿದಳು. ರೆಕಾರ್ಡಿಂಗ್ ಮುಗಿದು ಕೆಂಪು ದೀಪ ಆರಿತು. ಅವ್ವ ಹೆಡ್‌ಫೋನ್ ಹಾಕಿಕೊಂಡು ಪೂರ್ತಿ ಕೇಳಿ, ಕಣ್ಣೊರೆಸಿಕೊಂಡಳು.

"ಭಾಳ ಚಲೋ ಐತಿ. ನಮ್ಮ ಕಲ್ಮೇಶನ ಹೆಸರೂ ಬಂತಲ್ಲ. ಪಾಪ, ಯಾವ ತಾಯಿ ಕಟ್ಯಾಳವ್ವಾ ಇದನ್ನ?"