ಹೊಸ ಮೌಂಟಿಂಗ್

ಅಪ್ಪ ತೀರಿಕೊಂಡ ಮೇಲೆ ಅವರ ಹಳೆಯ ಸ್ಪೋರ್ಟ್ಸ್ ಕಾರು ಶೆಡ್ಡು ಬಿಟ್ಟು ಕದಲಿರಲಿಲ್ಲ. ಆದರೂ ಅಮ್ಮ ದಿನಾ ಸಂಜೆ ಅದರಲ್ಲಿ ಡ್ರೈವರ್ ಪಕ್ಕದ ಸೀಟಿನಲ್ಲಿ ಹೋಗಿ ಕೂರುವಳು, ಮಗಳಿಂದ ಸ್ಟಾರ್ಟ್ ಮಾಡಿಸುವಳು. ಕಿವಿ ಪೂರಾ ಹೋಗಿದ್ದ ಅಮ್ಮನಿಗೆ ಅದರಲ್ಲೇನು ಸುಖವೋ ಮಗಳಿಗೆ ತಿಳಿಯದು. ಕಾರು ಮಾತ್ರ ಚಳಿಜ್ವರ ಬಂದವರ ಹಾಗೆ ಗಡಗಡ ನಡುಗುತ್ತಿತ್ತು.

"ಇಂಜಿನ್ ಕೂರ್ಸಿರೋ ಮೌಂಟಿಂಗ್ ರಬ್ಬರ್ ಸವೆದೋಗೈತಕ್ಕಾ," ಎಂದ ಮೆಕ್ಯಾನಿಕ್. "ಅದಕ್ಕೇ ಈ ನಡುಕ. ನಿಮ್ಮಪ್ಪಾರಿಗೆ ಎಷ್ಟು ಸಲ ಹೇಳ್ದೆ, ಅದು ಹಂಗೇ ಇರ್ಲಿ ಬಿಡು ಅಂದ್ಬಿಡೋರು."

"ಹೊಸದು ಹಾಕ್ಬಿಡಿ. ಅಮ್ಮನ ಸೊಂಟಕ್ಕೆ ಈ ಕುಲುಕಾಟ ಒಳ್ಳೇದಲ್ಲ."

ಸಂಜೆ ಅಮ್ಮ ಎಂದಿನಂತೆ ಬಂದು ಕೂತು, ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಊರಿದಳು. ಮಗಳು ಕೀ ತಿರುಗಿಸಿದಳು. ಇಂಜಿನ್ ಒಂದಿಷ್ಟೂ ಅದುರದೆ ನುಣ್ಣಗೆ ಓಡತೊಡಗಿತು. ಮಗಳಿಗೆ ಖುಷಿಯೋ ಖುಷಿ.

"ಸ್ಟಾರ್ಟ್ ಮಾಡೇ," ಎಂದಳು ಅಮ್ಮ.

ಆಗಲೇ ಆಗಿದೆ ಎಂದು ಮಗಳು ಸನ್ನೆ ಮಾಡಿದಳು.

ಅಮ್ಮ ಅಂಗೈಯನ್ನು ಇನ್ನಷ್ಟು ಒತ್ತಿ ಹಿಡಿದು ಕಾದಳು. ಆಮೇಲೆ, ಅವತ್ತು ಆಸ್ಪತ್ರೆಯಲ್ಲಿ ಅಪ್ಪನ ಎದೆಯ ಮೇಲೆ ಇದೇ ಅಂಗೈ ಇಟ್ಟು ಕೇಳಿದ್ದನ್ನೇ ಮತ್ತೆ ಕೇಳಿದಳು:

"ನಿಂತೋಯ್ತೇನೇ?"