ಹೊರಗಿದ್ದಾರೆ

"ಒಳಗೆ ಬನ್ನಿ ಸಾರ್. ಬೀದೀಲಿ ನಿಂತು ನೋಡಿದ್ರೆ ಏನು ಗೊತ್ತಾಗುತ್ತೆ?" ಕಟಿಂಗ್ ಮಾಸ್ಟರನ ಹೆಂಡತಿ ಬಾಗಿಲನ್ನು ಪೂರ್ತಿ ತೆರೆದು ಪಕ್ಕಕ್ಕೆ ಸರಿದಳು.

ನೆಟ್‌ವರ್ಕ್ ಕಂಪನಿಯಿಂದ ಸಿಗ್ನಲ್ ಅಳೆಯಲು ಬಂದವನು ಅನುಮಾನಿಸಿದ. ಮನೆಯ ಎದುರು, ರಸ್ತೆಯ ನಡುವೆ, ಎದೆಮಟ್ಟದಲ್ಲಿ ಫೋನ್ ಹಿಡಿದು ಮೂರು ಸಲ ಅಳೆಯಬೇಕೆಂಬುದು ನಿಯಮ. ಮೂರು ಸಲವೂ ನಾಲ್ಕು ಕಡ್ಡಿ ಬಂದಿತ್ತು. ಅಲ್ಲಿಗೆ ಕೆಲಸ ಮುಗಿದಿತ್ತು. ಆದರೂ ಮನಸ್ಸು ತಡೆಯದೆ ಮೂರು ಮೆಟ್ಟಿಲು ಇಳಿದು ಒಳಗೆ ಹೋದ. ರಸ್ತೆಗಿಂತ ತಗ್ಗಿನಲ್ಲಿದ್ದ ಒಂದೇ ಕೋಣೆ, ದಪ್ಪ ಗೋಡೆ, ತಲೆಯ ಮೇಲೆ ಮೂರು ಅಂತಸ್ತು. ಹೊಲಿಗೆ ಯಂತ್ರದ ಪಕ್ಕದ ಮೇಜಿನಲ್ಲಿ ಕತ್ತರಿ ತಾಗದ ಬಟ್ಟೆ ಮಡಿಸಿದ ಹಾಗೇ ಇತ್ತು. ಕಡ್ಡಿಗಳು ಒಂದೊಂದಾಗಿ ಅಳಿಸಿಹೋದವು.

"ಇಲ್ಲ ಅಲ್ವಾ?" ಎಂದ ಸ್ಟೂಲಿನ ಮೇಲೆ ಕೂತಿದ್ದ ಮಾಸ್ಟರ್. ಅವನ ಎರಡೂ ಕಣ್ಣುಗುಡ್ಡೆಗಳು ಬೆಳ್ಳಗಾಗಿದ್ದವು.

"ನಿಮಗೆ ಹೇಗೆ ಗೊತ್ತಾಯ್ತು?"

"ನೀವು ಸುಮ್ಮನಾದ್ರಲ್ಲ."

ಹೆಂಡತಿ ತಡೆಯಲಾರದೆ ಶುರುಮಾಡಿದಳು. "ದಾನದ ಕಣ್ಣು ಬಂದಿತ್ತು ಸಾರ್. ಒಂದೂವರೆ ವರ್ಷ ಕಾದಿದ್ವಿ. ಹೋದ ತಿಂಗಳು ನಿಮ್ಮವರೇ ಬ್ಯಾನರ್ ಕಟ್ಟಿದ್ರು, ಮೂಲೆಮೂಲೆಗೂ ನೆಟ್‌ವರ್ಕ್ ಅಂತ. ಅದನ್ನ ನಂಬ್ಕೊಂಡು ಫೋನ್ ಮುಂದೇನೇ ಇಟ್ಕೊಂಡು ಕೂತಿದ್ವಿ. ಆಸ್ಪತ್ರೆಯವರು ಮೂರು ಸಲ ಮಾಡಿದಾರೆ. ಒಂದು ಸಲವೂ ಹೊಡ್ಕೊಳ್ಳಲಿಲ್ಲ."

ಮೂರು ಸಲವೂ ಆಸ್ಪತ್ರೆಗೆ ಕೇಳಿಸಿದ್ದು ಒಂದೇ ದನಿ: 'ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ.' ಕಣ್ಣು ಕಾಯುವುದಿಲ್ಲ, ಮುಂದಿನ ಹೆಸರಿಗೆ ಹೋಯಿತು. ಅಷ್ಟೇ ಆಗಿದ್ದರೆ ಮಾಸ್ಟರನ ಸರದಿಯಾದರೂ ಉಳಿಯುತ್ತಿತ್ತು. ಆದರೆ ನರ್ಸ್ ಅವಸರದಲ್ಲಿ ಪುಸ್ತಕದಲ್ಲಿ ಕೊನೆಯ ಪದವನ್ನಷ್ಟೇ ಬರೆದಿದ್ದಳು: 'ಹೊರಗಿದ್ದಾರೆ.' ಅದನ್ನು ಓದಿದ ಗುಮಾಸ್ತ, ರೋಗಿ ಹೇಳದೆ ಕೇಳದೆ ಪರಊರಿಗೆ ಹೋಗಿದ್ದಾನೆಂದು ಅವನ ಹೆಸರನ್ನು ಪಟ್ಟಿಯ ಕೊನೆಗೆ ಹಾಕಿದ್ದ. ಮನೆಯಲ್ಲಿ ನೆಟ್‌ವರ್ಕ್ ಇಲ್ಲವೆಂದು ಕಂಪನಿ ಬರೆದುಕೊಟ್ಟರೆ ಹಳೆಯ ಸರದಿ ವಾಪಸ್ ಕೊಡುತ್ತೇವೆ ಎಂದು ಆಸ್ಪತ್ರೆಯವರು ಹೇಳಿದ್ದರು. ಅದಕ್ಕೇ ಇವರು ಕಂಪನಿಗೆ ದೂರು ಕೊಟ್ಟಿದ್ದರು.

"ಮದುವೆ ಆದಾಗಿಂದ ಇವಳು ಎಲ್ಲಿಗಾದ್ರೂ ಕರ್ಕೊಂಡು ಹೋಗಿ ಅಂತ ಗೋಗರೀತಿದ್ಲು," ಎಂದ ಮಾಸ್ಟರ್. "ಒಂದು ಸಲವೂ ಹೋಗ್ಲಿಲ್ಲ. ಕೊನೆಗೆ ಆಸ್ಪತ್ರೆಯವರೇ ಕಳಿಸಿಬಿಟ್ರು."

"ಸುಮ್ನಿರ್ರೀ. ಸಾರ್ ಬರೀತಿದ್ದಾರೆ."

ಅವನು ನಿಜವಾಗಿಯೂ ಬರೆಯುತ್ತಿದ್ದ. 'ಇಲ್ಲ' ಎಂಬುದನ್ನು ಒತ್ತಿ, ಷರಾ ಜಾಗದಲ್ಲಿ 'ಮನೆಯ ಒಳಗೆ ಸಿಗ್ನಲ್ ಸಿಗುವುದಿಲ್ಲ' ಎಂದು ಸೇರಿಸಿ ಕಳಿಸಿದ. ಪರದೆಯ ಮೇಲೆ ಅಕ್ಷರಗಳು ಮೂಡಿದವು: 'ಸಂಪರ್ಕವಿಲ್ಲ. ಸಂಪರ್ಕ ಸಿಗುವ ಜಾಗದಲ್ಲಿ ನಿಂತು ಮತ್ತೆ ಅಳೆಯಿರಿ.' ಕಿಟಕಿಯ ಬಳಿ ಹೋಗಿ ಕಳಿಸಿದ. ಬಾಗಿಲಲ್ಲಿ ನಿಂತು ಕಳಿಸಿದ. ರಸ್ತೆಗೆ ಬಂದ ಕೂಡಲೇ ಫೋನ್ ಹಳೆಯದನ್ನು ಅಳಿಸಿ, ತಾನೇ ಹೊಸದಾಗಿ ಅಳೆದು, ನಾಲ್ಕು ಕಡ್ಡಿಗಳ ಕೆಳಗೆ 'ಇದೆ' ಎಂದು ತೋರಿಸಿತು.

ಈ ಬಡಾವಣೆಗೆ ನೂರಕ್ಕೆ ನೂರು ನೆಟ್‌ವರ್ಕ್ ಬಂದಿದೆಯೆಂದು ಕಂಪನಿ ಘೋಷಿಸಿತ್ತು. ವರದಿಯಲ್ಲಿ ಒಂದೇ ಒಂದು 'ಇಲ್ಲ' ಕೂಡ ಯಾಕಿರಲಿಲ್ಲ ಎಂಬುದು ಅವನಿಗೆ ಈಗ ಹೊಳೆಯಿತು. ಆ ಮನೆಗಳಲ್ಲಿ ಅರ್ಧದಷ್ಟನ್ನು ಅಳೆದವನು ಅವನೇ. ಮೇಲಧಿಕಾರಿಗೆ ಫೋನ್ ಮಾಡಿದ.

"ಸಾರ್, ಒಳಗೆ ಸಿಗ್ತಾ ಇಲ್ಲ."

"ಒಳಗೆ ಯಾಕಯ್ಯಾ ಹೋದೆ ನೀನು?"

"ಫೋನ್ 'ಇಲ್ಲ' ಅನ್ನೋದನ್ನ ತಗೋತಾನೇ ಇಲ್ಲ ಸಾರ್. ಒಂದು ಕಾಗದದಲ್ಲಿ ಬರೆದುಕೊಡ್ಲಾ?"

"ಧಾರಾಳವಾಗಿ ಬರಿ. ಹಾಗೇ ರಾಜೀನಾಮೆನೂ ಬರ್ದುಬಿಡು, ಎರಡಕ್ಕೂ ಒಂದೇ ಕವರ್ ಸಾಕು."

ಹೆಂಡತಿ ಮೆಟ್ಟಿಲ ಮೇಲೆ ಕಾಯುತ್ತಿದ್ದಳು. "ಬರೆದ್ರಾ ಸಾರ್?"

"ಬೀದೀಲಿ ಚೆನ್ನಾಗೇ ಬರ್ತಿದೆ ಅಮ್ಮಾ. ಫೋನನ್ನ ಇಲ್ಲಿ ಇಟ್ಕೊಂಡ್ರೆ..."

ಅವಳು ಜಗಳವಾಡಲಿಲ್ಲ. ಒಳಗಿನಿಂದ ಸ್ಟೂಲನ್ನು ತಂದು ಬೀದಿಬದಿಯ ಗೋಡೆಗೆ ಒತ್ತಿ ಹಾಕಿದಳು. ಆಮೇಲೆ ಗಂಡನ ಕೈ ಹಿಡಿದು ಕರೆತಂದು ಕೂರಿಸಿದಳು. ಎದುರಿನ ವೆಲ್ಡಿಂಗ್ ಅಂಗಡಿಯ ಸದ್ದಿಗೆ ರಿಂಗ್ ಕೇಳಿಸಲಾರದೆಂದು ಫೋನನ್ನು ವೈಬ್ರೇಟ್‌ಗೆ ಹಾಕಿ ಅವನ ಅಂಗೈ ಮೇಲೆ ಇಟ್ಟಳು. "ಅಲ್ಲಾಡಿಸ್ಬೇಡಿ. ನಾಲ್ಕಿದೆ."

"ಪಟ್ಟೀಲಿ ಕೊನೇಲಿದ್ದೀವಲ್ಲೇ. ಈಗಲೇ ಯಾರು ಮಾಡ್ತಾರೆ?"

"ಮುಂದಿನೋರೆಲ್ಲ ಹೊರಗಿದ್ರೆ?" ಎಂದು ಅವಳು ಹೊಲಿಗೆಗೆ ಹೋದಳು.

ಅಳೆಯಲು ಬಂದವನು ಬೈಕಿನ ಮೇಲೆ ಕೂತು 'ದೂರು ಇತ್ಯರ್ಥವಾಗಿದೆ' ಎಂಬಲ್ಲಿ ಬೆರಳಿಟ್ಟ. ಒತ್ತಿದ. ಅಷ್ಟರಲ್ಲಿ ದಾರಿಯಲ್ಲಿ ಹೋಗುತ್ತಿದ್ದ ಹಿರಿಯರೊಬ್ಬರು ಮಾಸ್ಟರನ ಕಣ್ಣನ್ನೂ ಚಾಚಿದ ಅಂಗೈಯನ್ನೂ ನೋಡಿ ನಿಂತರು. ಜೇಬು ತಡಕಿ, ಸದ್ದಾಗದಂತೆ ಬಾಗಿ, ಒಂದು ನಾಣ್ಯವನ್ನು ಅವನ ಕೈಯಲ್ಲಿದ್ದ ಫೋನಿನ ಮೇಲಿಟ್ಟು ನಡೆದರು.

ಅಂಗೈಯಲ್ಲಿ ಏನೋ ಅದುರಿದಂತಾಗಿ ಮಾಸ್ಟರ್ ದಡಬಡಿಸಿ ಎದ್ದು ನಿಂತ. ನಾಣ್ಯ ಚರಂಡಿಯ ಕಡೆಗೆ ಉರುಳಿತು. ಅವನು ಫೋನನ್ನು ಎರಡೂ ಕೈಯಲ್ಲಿ ಕಿವಿಗೆ ಒತ್ತಿಕೊಂಡು, "ಹಲೋ, ಹೊರಟ್ವಿ ಸಾರ್, ಈಗಲೇ ಹೊರಟ್ವಿ," ಎನ್ನುತ್ತಿದ್ದ.