ಕೊನೆಯ ಗುಟುಕು ಇಂಡಿಯದ್ದು

ಊಟದ ಮೇಜಿನ ಮೇಲೆ ನಕ್ಷೆ ಹರಡಿ, ಫ್ಯಾನಿನ ಗಾಳಿಗೆ ಹಾರದಂತೆ ಉಪ್ಪಿನಕಾಯಿ ಭರಣಿ ಇಟ್ಟು, ಇಂದುಕಲಾ ದ್ರಾಕ್ಷಿತೋಟಗಳ ಪ್ರವಾಸಕ್ಕೆ ಗೆರೆ ಎಳೆಯುತ್ತಿದ್ದಳು. ವೈನ್ ಕುಡಿದವರ ಬಾಯಲ್ಲಿ ಮೂರು ದಿನ ಆ ದ್ರಾಕ್ಷಿ ಬೆಳೆದ ಸೀಮೆಯ ಆಡುಮಾತೇ ಹೊರಡುವುದು ಎಲ್ಲರಿಗೂ ಗೊತ್ತಿದ್ದದ್ದೇ. ಅದಕ್ಕೇ ಕೊನೆಯ ಗುಟುಕು ಯಾವ ತೋಟದ್ದು ಅನ್ನುವುದನ್ನು ಜನ ಮುಹೂರ್ತ ನೋಡಿದಂತೆ ನೋಡುತ್ತಿದ್ದರು.

“ಮೊದಲ ನಮ್ಮ ಕಡಿ ಇಂಡಿ ತೋಟ ಮುಗಿಸಿ, ವಾಪಸ್ ಬರೂವಾಗ ನಂದಿ ಬೆಟ್ಟದ ತೋಟ ನೋಡೂನು,” ಎಂದ ಗಂಡ ಶರಣು. “ಸೋಮವಾರ ಬ್ಯಾಂಕಿನ್ಯಾಗ ನೀ ನಮ್ಮ ಭಾಷಾ ಮಾತಾಡಿದ್ರ ಮಂದಿ ನಗ್ತಾರ.”

“ನಗಲಿ ಬಿಡಿ. ಮೊದಲು ನಂದಿ, ಕೊನೆಗೆ ಇಂಡಿ. ಅಲ್ಲಿಂದ ನೆಟ್ಟಗೆ ಅತ್ತೆ ಮನೆ.”

ಮೈಸೂರಿನಿಂದ ಇಂಡಿಯ ಕಡೆಗೆ ಸೊಸೆಯಾಗಿ ಹೋದ ಮೊದಲ ಬೆಳಗ್ಗೆಯೇ ಅವಳು ನಾಲ್ಕು ಜನರೆದುರು ಅತ್ತೆಯನ್ನು ‘ತಿಂಡಿ ಆಯ್ತಾ?’ ಎಂದು ಕೇಳಿದ್ದಳು. ಆ ಕಡೆ ತಿಂಡಿ ಎಂದರೆ ತುರಿಕೆ. ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು, ಅತ್ತೆ ಮುಖ ತಿರುಗಿಸಿದರು. ಆರು ವರ್ಷವಾದರೂ ಇಬ್ಬರ ಮಾತು ಹಾಂ, ಹೂಂ ದಾಟಿರಲಿಲ್ಲ. ಈ ಸಲ ದಾಟಿಸಿಯೇ ಸೈ ಎಂದುಕೊಂಡು ಅವಳು ಇಂಡಿಯ ಸುತ್ತ ದಪ್ಪಗೆ ಸುತ್ತು ಹಾಕಿದಳು.

ಅಷ್ಟರಲ್ಲಿ ಅತ್ತೆಯ ಫೋನ್ ಬಂತು.

“ಇಂದೂ, ನಾನು ಕಣಮ್ಮ, ನಿಮ್ಮತ್ತೆ. ಶರಣು ಕಳಿಸಿದ್ದ ಶ್ರೀರಂಗಪಟ್ಟಣದ ವೈನು ಒಂದು ಚಮಚ ಕುಡಿದೆ, ಔಷಧಿ ಅಂದ್ಕೊಂಡು. ತಿಂಡಿ ಆಯ್ತಾ?”

ಇಂದುಕಲಾ ಗಂಡನತ್ತ ನೋಡಿದಳು. ಅವನು ನಕ್ಷೆಯಲ್ಲಿ ಮುಳುಗಿದ್ದ.

ಒಂದು ಹನಿಯೂ ಮುಟ್ಟದ ಬಾಯಲ್ಲಿ ಅವಳು ಹೇಳಿದಳು: “ನಾಷ್ಟಾ ಆತ್ರೀ, ಅತ್ತಿ. ನಿಮ್ದು?”